ಎಡಗೈ ಹತ್ತಿಯ ಮೇಲಿದ್ದಾಗ: ನಾಲ್ಕು ಸೇಫ್ಟಿ ನೀಡಲ್‌ಗಳು

ಬೆಳಗ್ಗೆ ಆರರಿಂದ ಹತ್ತರವರೆಗೆ ಮೈಸೂರಿನ ಮನೆಮನೆಗೆ ಸ್ಕೂಟರ್‌ನಲ್ಲಿ ಹೋಗಿ ಬ್ಲಡ್ ಸ್ಯಾಂಪಲ್ ತರುವುದು ನನ್ನ ಕೆಲಸ. ಫಾಸ್ಟಿಂಗ್ ಶುಗರ್‌ನವರು ಕಾಫಿ ಕುಡಿಯದೆ ಕಾಯುತ್ತಿರುತ್ತಾರೆ, ನಿಧಾನ ಮಾಡುವಂತಿಲ್ಲ. ಮೊದಲಿದ್ದ ಲ್ಯಾಬಿನಲ್ಲಿ ಸಿರಿಂಜ್‌ನಲ್ಲಿ ರಕ್ತ ಎಳೆದು, ಎಡಗೈಯಲ್ಲಿ ಟ್ಯೂಬ್ ಹಿಡಿದು, ಅದರ ರಬ್ಬರ್ ಬಿರಡೆಗೆ ಸೂಜಿ ಚುಚ್ಚಿ ತುಂಬಿಸುತ್ತಿದ್ದೆವು. ಒಂದು ದಿನ ಸೂಜಿ ಬಿರಡೆಯಿಂದ ಜಾರಿ ನನ್ನ ಹೆಬ್ಬೆರಳಿಗೇ ಹೊಕ್ಕಿತು. ಆಮೇಲೆ 28 ದಿನ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ನುಂಗಿದ್ದಾಯಿತು. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಪಾಯ ಶೇ 30ರವರೆಗೂ ಹೋಗುತ್ತದೆ. ನನಗೆ ಲಸಿಕೆ ಆಗಿತ್ತು. ಆದರೂ ಆ ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ.

ಈಗಿನ ಕೆಲಸದಲ್ಲಿ ಸೇಫ್ಟಿ ನೀಡಲ್, ಅಂದರೆ ಬಳಸಿದ ಕೂಡಲೇ ಮೊನೆಯನ್ನು ಮುಚ್ಚಿಬಿಡಬಹುದಾದ ಸೂಜಿ, ಬೇಕೆಂದು ಹಟ ಹಿಡಿದೆ. ಯಾವುದು ಬೇಕು ಎಂದು ಕೇಳಿದಾಗ ಉತ್ತರ ಗೊತ್ತಿರಲಿಲ್ಲ. ನಾಲ್ಕು ಬಗೆಯವನ್ನು ತಲಾ ಎರಡು-ಮೂರು ವಾರ ಬಳಸಿ ನೋಡಿದೆ. ಒಂದೇ ರಚನೆಯನ್ನು ಹಲವು ಕಂಪನಿಯವರು ಮಾಡುತ್ತಾರೆ, ಹಾಗಾಗಿ ಹೆಸರು ಬಿಟ್ಟು ರಚನೆಯನ್ನಷ್ಟೇ ಹೇಳುತ್ತೇನೆ. ನಾನು ಪರೀಕ್ಷಿಸಿದ್ದು ಮುಖ್ಯವಾಗಿ ಒಂದು ವಿಷಯವನ್ನೇ. ಸೂಜಿ ಹೊರಬರುವ ಆ ಒಂದೆರಡು ಸೆಕೆಂಡಿನಲ್ಲಿ ನನ್ನ ಎಡಗೈ ಹತ್ತಿ ಒತ್ತಿ ಹಿಡಿದಿರುತ್ತದೆ. ಮಿಕ್ಕಿದ್ದು ಬಲಗೈ. ಅದರ ಒಂದು ಬೆರಳಿನಲ್ಲಿ ಸೂಜಿ ಮುಚ್ಚುತ್ತದೆಯೇ?

ಕೀಲು ಮುಚ್ಚಳದ್ದು ಮೊದಲು. ರಕ್ತವನ್ನು ತಾನೇ ಎಳೆದುಕೊಳ್ಳುವ ವ್ಯಾಕ್ಯೂಮ್ ಟ್ಯೂಬನ್ನು ತೂರಿಸುವ ಪ್ಲಾಸ್ಟಿಕ್ ಹೋಲ್ಡರ್‌ಗೆ ತಿರುಗಿಸಿ ಕೂರಿಸುವ ನೇರ ಸೂಜಿ, ಪಕ್ಕದಲ್ಲಿ ಗುಲಾಬಿಯೋ ಹಸಿರೋ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಚುಚ್ಚುವ ಮೊದಲು ಅದನ್ನು ಹಿಂದಕ್ಕೆ ಬಾಗಿಸಬೇಕು, ತೆಗೆದ ಮೇಲೆ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ 'ಟಕ್' ಎಂದು ಕೂರುತ್ತದೆ. ಬಾಳೆದಿಂಡಿಗೆ ಚುಚ್ಚಿ ಒಂದು ಸಂಜೆ ಅಭ್ಯಾಸ ಮಾಡಿದ್ದೇ ಸಾಕಾಯಿತು. ನರ ಚೆನ್ನಾಗಿ ಕಾಣುವ ಕೈಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಆದರೆ ನರ ಮೇಲ್ಮೈಯಲ್ಲೇ ಇದ್ದು ಸೂಜಿಯನ್ನು ತೀರಾ ಓರೆಯಾಗಿ ಮಲಗಿಸಿ ಹೋಗಬೇಕಾದಾಗ ಈ ಮುಚ್ಚಳ ಕಣ್ಣಿಗೂ ಕೈಗೂ ಅಡ್ಡ ಬರುತ್ತದೆ. ಇನ್ನೊಂದು ವಿಷಯ: 'ಟಕ್' ಸದ್ದು ಕೇಳದಿದ್ದರೆ ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ. ಟಿವಿ ಜೋರಾಗಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು ಗಟ್ಟಿ ಜಾಗಕ್ಕೆ ಒತ್ತಿ ಮುಚ್ಚುವುದು. ಇದರಲ್ಲೂ ಮುಚ್ಚಳವಿದೆ, ಆದರೆ ಬೆರಳು ಸೂಜಿಯ ಹತ್ತಿರಕ್ಕೇ ಹೋಗಬೇಕಿಲ್ಲ, ಮೇಜಿನ ಮೇಲೆ ಒತ್ತಿದರೆ ಆಯಿತು. ಕೇಳಲು ಚೆನ್ನಾಗಿದೆ. ಕುವೆಂಪುನಗರದ ಒಂದು ಮನೆಯಲ್ಲಿ ಮಲಗಿದ್ದಲ್ಲೇ ಇರುವ ತಾತನ ಮಂಚದ ಪಕ್ಕ ಮಂಡಿಯೂರಿ ಕೂತು ರಕ್ತ ತೆಗೆದೆ. ಸುತ್ತ ಇದ್ದದ್ದು ಹತ್ತಿ ಹಾಸಿಗೆ, ದಿಂಬು, ಮಡಚಿಟ್ಟ ಕಂಬಳಿ. ಎಲ್ಲಿಗೆ ಒತ್ತಲಿ? ರಕ್ತ ಅಂಟಿದ ಸೂಜಿ ಗಾಳಿಯಲ್ಲಿ ಹಿಡಿದುಕೊಂಡು ಕೊನೆಗೆ ನೆಲಕ್ಕೇ ಒತ್ತಿದೆ, ಮೊಸಾಯಿಕ್ ಮೇಲೆ ಒಂದು ಹನಿ ಬಿತ್ತು. ಸೊಸೆ ಏನೂ ಅನ್ನಲಿಲ್ಲ, ಒದ್ದೆ ಬಟ್ಟೆ ತಂದುಕೊಟ್ಟರು. ನಾಚಿಕೆಯಾಯಿತು.

ಮೂರನೆಯದು ಜಾರು ಕವಚದ ಬಟರ್‌ಫ್ಲೈ, ಅಂದರೆ ಹಿಡಿಯಲು ಎರಡು ಪ್ಲಾಸ್ಟಿಕ್ ರೆಕ್ಕೆ, ಹಿಂದೆ ಉದ್ದ ಟ್ಯೂಬಿಂಗ್ (ತೆಳು ಕೊಳವೆ) ಇರುವ ಸಣ್ಣ ಸೂಜಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕೈಯಲ್ಲಿ ಟ್ಯೂಬಿಂಗ್ ಹಿಡಿದು ಇನ್ನೊಂದರಲ್ಲಿ ಕವಚವನ್ನು ಸೂಜಿಯ ಮೇಲೆ ದೂಡಬೇಕು. ಹತ್ತಿಯನ್ನು ಯಾರು ಹಿಡಿಯಬೇಕು? ಪೇಷಂಟೇ ಹಿಡಿಯಲಿ ಎಂದರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುವ ವಯಸ್ಸಾದವರ ನಡುಗುವ ಬೆರಳು ಅದನ್ನು ಒತ್ತಿ ಹಿಡಿಯುವುದಿಲ್ಲ.

ಬಟನ್ ಒತ್ತುವ ಬಟರ್‌ಫ್ಲೈಯೇ ನನಗೆ ಅಚ್ಚರಿ ತಂದದ್ದು. ಸೂಜಿ ಇನ್ನೂ ನರದೊಳಗೇ ಇರುವಾಗ ಬಲಗೈ ಬೆರಳಿನಿಂದ ಬಟನ್ ಒತ್ತಬೇಕು. ಸ್ಪ್ರಿಂಗ್ ಅದನ್ನು ಸರಕ್ಕನೆ ಪ್ಲಾಸ್ಟಿಕ್ ಕವಚದೊಳಕ್ಕೆ ಎಳೆದುಕೊಳ್ಳುತ್ತದೆ. ಬರಿಯ ಸೂಜಿ ಹೊರಗಿನ ಗಾಳಿಯನ್ನೇ ಕಾಣುವುದಿಲ್ಲ. ಮಂಡ್ಯದ ಕಡೆಯ ಒಬ್ಬ ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದವರು ಗಾಬರಿಯಾಗಿ ಕೇಳಿದರು:

"ಸೂಜಿ ಎಲ್ಲೋಯ್ತು ಮಗಾ? ಒಳಗೇ ಉಳ್ಕಂತಾ?"

"ಇಲ್ಲಾ ಅಜ್ಜಿ, ಇಲ್ಲೇ ಇದೆ ನೋಡಿ" ಎಂದು ಕವಚದೊಳಗಿನ ಸೂಜಿ ತೋರಿಸಿದ ಮೇಲೂ ಮೊಣಕೈ ಮಡಿಚಿನಲ್ಲಿ ಎರಡು ಸಲ ತಡವಿ ನೋಡಿಕೊಂಡರು. ಈಗ ಬಟನ್ ಒತ್ತುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇನೆ.

ಇದರಲ್ಲೂ ಕೊರತೆಯಿದೆ. ಮೊದಲ ವಾರ ರೆಕ್ಕೆ ಹಿಡಿಯುವಾಗ ಎರಡು ಸಲ ಬಟನ್ ಅಕಸ್ಮಾತ್ ಒತ್ತಿಹೋಗಿ, ಚುಚ್ಚುವ ಮುನ್ನವೇ ಸೂಜಿ ಮಾಯವಾಯಿತು. ಬೆಲೆ ಸಾದಾ ಸೂಜಿಯ ಹಲವು ಪಟ್ಟು. ಉದ್ದ ಟ್ಯೂಬಿಂಗ್‌ನೊಳಗಿನ ಗಾಳಿ ಮೊದಲ ಟ್ಯೂಬಿಗೆ ಹೋಗುವುದರಿಂದ, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯ ನೀಲಿ ಟ್ಯೂಬೇ ಮೊದಲಿದ್ದರೆ ರಕ್ತ ಕಡಿಮೆ ತುಂಬುತ್ತದೆ. ಅದರಲ್ಲಿ ರಕ್ತ ಒಂಬತ್ತು ಪಾಲು, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ ಒಂದು ಪಾಲು ಇರಲೇಬೇಕು. ಹಾಗಾಗಿ ಬಿಸಾಡಲೆಂದೇ ಇನ್ನೊಂದು ಟ್ಯೂಬನ್ನು ಮೊದಲು ಹಾಕಬೇಕು.

ಈ ನಾಲ್ಕರಲ್ಲಿ ಯಾವುದೂ ಕಾಯದ ಜಾಗವೊಂದಿದೆ. ಹೋಲ್ಡರ್‌ನೊಳಗೆ, ಟ್ಯೂಬಿನ ಬಿರಡೆಗೆ ಚುಚ್ಚುವ ಹಿಂಬದಿಯ ಸೂಜಿ. ಅದಕ್ಕಿರುವುದು ತೆಳು ರಬ್ಬರ್ ಕವಚ ಮಾತ್ರ. ದುಡ್ಡು ಉಳಿಸಲು ಸೂಜಿ ಬಿಚ್ಚಿ ಹೋಲ್ಡರ್ ಮತ್ತೆ ಬಳಸುವ ಅಭ್ಯಾಸ ನಮ್ಮ ಕಡೆ ಇದೆ. ಬಿಚ್ಚಿದ ಕ್ಷಣ ಆ ಹಿಂಬದಿ ಬಯಲಾಗುತ್ತದೆ. ಅಮೆರಿಕದಲ್ಲಿ ಸೂಜಿ ಬಿಚ್ಚದೆ ಹೋಲ್ಡರ್ ಸಮೇತ ಬಿಸಾಡಬೇಕೆಂಬ ನಿಯಮವಿದೆ. ಅಲ್ಲಿನ 2000ರ ಸೂಜಿ ಸುರಕ್ಷತಾ ಕಾನೂನು ಯಾವ ಸಾಧನ ಕೊಳ್ಳಬೇಕೆಂಬುದನ್ನು ಬಳಸುವ ಸಿಬ್ಬಂದಿಯನ್ನೂ ಕೇಳಿ ತೀರ್ಮಾನಿಸಬೇಕು ಎನ್ನುತ್ತದೆ. ಆ ಮಾತು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು.

ಈಗ ನನ್ನ ಬ್ಯಾಗಿನಲ್ಲಿ ಕೀಲು ಮುಚ್ಚಳದ 21 ಗೇಜ್ ಸೂಜಿಗಳೇ ಹೆಚ್ಚು. ವಯಸ್ಸಾದವರಿಗೂ ಸಿಗದ ನರಗಳಿಗೂ ಬಟನ್‌ನ, ಇನ್ನೂ ತೆಳುವಾದ 23 ಗೇಜ್ ಸೂಜಿ ದಿನಕ್ಕೆ ಐದಾರು ಇಟ್ಟುಕೊಳ್ಳುತ್ತೇನೆ. ಚುಚ್ಚಿದರೂ ತೂತಾಗದ ಬಿಳಿ ಡಬ್ಬ ಜೊತೆಗಿರುತ್ತದೆ, ಹೋಲ್ಡರ್ ಬಿಚ್ಚದೆ ಅದರೊಳಕ್ಕೇ. ಮೇಜಿಗೆ ಒತ್ತುವ ಸೂಜಿಯ ಅರ್ಧ ಬಾಕ್ಸ್ ಉಳಿದಿತ್ತು, ಲ್ಯಾಬಿನ ಕೌಂಟರ್‌ನಲ್ಲಿ ಕೂರುವವರಿಗೆ ಕೊಟ್ಟೆ. ಅವರ ಎದುರಿಗೆ ಗ್ರಾನೈಟ್ ಕಟ್ಟೆಯಿದೆ.