ಅಂಗಡಿ ಹೆಸರಿಗೆ ಟ್ರೇಡ್‌ಮಾರ್ಕ್: ಸರ್ಕಾರದ ಆನ್‌ಲೈನ್ ಅರ್ಜಿ ಸೇವೆ ಸಣ್ಣ ವ್ಯಾಪಾರಿಗೆ ಎಷ್ಟು ಅನುಕೂಲ?

ಜಿಎಸ್‌ಟಿ ಪ್ರಮಾಣಪತ್ರ, ಟ್ರೇಡ್ ಲೈಸೆನ್ಸ್, ಉದ್ಯಮ್ ನೋಂದಣಿ ಈ ಮೂರರಲ್ಲೂ ಅಂಗಡಿಯ ಹೆಸರಿದೆ, ಹಾಗಾಗಿ ಹೆಸರು ನಮ್ಮದೇ ಎಂದು ಬಹಳ ವ್ಯಾಪಾರಿಗಳು ನಂಬಿರುತ್ತಾರೆ. ಇವು ವ್ಯಾಪಾರ ನಡೆಸಲು, ತೆರಿಗೆ ಕಟ್ಟಲು ಬೇಕಾದ ದಾಖಲೆಗಳು. ಹೆಸರಿನ ಹಕ್ಕು ಇವುಗಳಿಂದ ಬರುವುದಿಲ್ಲ. ಅದು ಬರುವುದು ಹೆಸರನ್ನು ನಿರಂತರವಾಗಿ ಬಳಸಿದ್ದರಿಂದ, ಇಲ್ಲವೇ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ನೋಂದಣಿಯಿಂದ. ಆ ನೋಂದಣಿಗೆ ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿ ನಡೆಸುವ ಆನ್‌ಲೈನ್ ಸೇವೆಯ ವಿಮರ್ಶೆ ಇದು. ಶುಲ್ಕ ನ್ಯಾಯವಾಗಿದೆ, ಅರ್ಜಿ ಹಾಕುವುದು ಕಷ್ಟವಲ್ಲ. ಆದರೆ ಅರ್ಜಿ ಹಾಕಿದ ಮೇಲಿನ ದಾರಿಯಲ್ಲಿ ಈ ಸೇವೆ ಕೈ ಹಿಡಿದು ನಡೆಸುವುದಿಲ್ಲ, ಹೆಸರು ಕೈತಪ್ಪುವುದೂ ಅಲ್ಲೇ.

ಶುಲ್ಕದ ಲೆಕ್ಕ ಹೀಗಿದೆ. ನೋಂದಣಿ ಅರ್ಜಿಯಾದ ಟಿಎಂ-ಎ ನಮೂನೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಿದರೆ ವ್ಯಕ್ತಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ದಿಮೆಗೆ ಪ್ರತಿ ವರ್ಗಕ್ಕೆ (ಸರಕು, ಸೇವೆಗಳನ್ನು ವಿಂಗಡಿಸಿದ ಗುಂಪು) 4,500 ರೂಪಾಯಿ, ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆ ಕಡಿಮೆ ಶುಲ್ಕ ಕಟ್ಟಬೇಕಾದರೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಬೇಕು. ಒಬ್ಬರೇ ನಡೆಸುವ ಅಂಗಡಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿಲ್ಲ, ಆದ್ದರಿಂದ ಅರ್ಜಿದಾರರ ಜಾಗದಲ್ಲಿ ಮಾಲೀಕರ ಹೆಸರೇ ಇರಬೇಕು, ಅಂಗಡಿಯ ಹೆಸರಲ್ಲ. ಸಹಿಗೆ ಬೇಕಾದ ಡಿಜಿಟಲ್ ಸಿಗ್ನೇಚರ್ ಖರ್ಚು ಪ್ರತ್ಯೇಕ. ಆಕ್ಷೇಪಣೆಗೆ ಉತ್ತರ ಕೊಡಲು, ರಿಜಿಸ್ಟ್ರಿಯ ಪ್ರಕಟಣಾ ಪತ್ರಿಕೆಯಾದ ಜರ್ನಲ್‌ನಲ್ಲಿ ಪ್ರಕಟವಾಗಲು, ಪ್ರಮಾಣಪತ್ರ ಪಡೆಯಲು ಸರ್ಕಾರಕ್ಕೆ ಮತ್ತೆ ಏನೂ ಕಟ್ಟಬೇಕಿಲ್ಲ. 'ಸರ್ಟಿಫಿಕೇಟ್ ಫೀಸ್' ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಅರ್ಜಿ ತಿರಸ್ಕೃತವಾದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಆದ್ದರಿಂದಲೇ ಮೊದಲು ಹುಡುಕಾಟ. ಸಾರ್ವಜನಿಕ ಹುಡುಕಾಟ ಉಚಿತ, ಇಡೀ ಸೇವೆಯಲ್ಲಿ ಅತ್ಯಂತ ಉಪಯುಕ್ತ ಭಾಗ. ಆದರೆ ಇದು ಒಂದೊಂದು ವರ್ಗವನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಲಕ್ಷ್ಮಿಯನ್ನು 'ಎಕ್ಸ್' ಹಾಕಿಯೂ ಬರೆಯುತ್ತಾರೆ, 'ಕೆಎಸ್‌ಎಚ್' ಹಾಕಿಯೂ ಬರೆಯುತ್ತಾರೆ. ಪೂರ್ತಿ ಹೆಸರು ಟೈಪ್ ಮಾಡಿ 'ಏನೂ ಸಿಗಲಿಲ್ಲ' ಎಂದು ಸಮಾಧಾನಪಡಬೇಡಿ. ಮುಖ್ಯ ಪದವನ್ನಷ್ಟೇ, ಎಲ್ಲ ಕಾಗುಣಿತಗಳಲ್ಲೂ ಹುಡುಕಿ, ನಂತರ ಉಚ್ಚಾರಣೆ ಆಧಾರಿತ ಹುಡುಕಾಟವನ್ನೂ ನೋಡಿ.

ಒಟ್ಟು 45 ವರ್ಗಗಳಿವೆ. ಉಪ್ಪಿನಕಾಯಿ 29ರಲ್ಲಿ, ಮಸಾಲೆ ಪುಡಿ ಮತ್ತು ಕಾಫಿ 30ರಲ್ಲಿ, ಸಿದ್ಧ ಉಡುಪು 25ರಲ್ಲಿ, ಅಗರಬತ್ತಿ 3ರಲ್ಲಿ, ಹೋಟೆಲ್ 43ರಲ್ಲಿ. ಬೇರೆಯವರ ಸರಕನ್ನು ಮಾರುವ ಅಂಗಡಿಯಾದರೆ 35. ವರ್ಗಕ್ಕಿಂತಲೂ ಅದರೊಳಗೆ ಬರೆಯುವ ಸರಕಿನ ಪಟ್ಟಿಯೇ ಮುಖ್ಯ. ಕೆಎಂಎಫ್‌ನ 'ನಂದಿನಿ' ಮತ್ತು 'ನಂದಿನಿ ಡೀಲಕ್ಸ್' ಹೋಟೆಲ್ ನಡುವಿನ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿಗೂ ನೋಂದಣಿ ಒಪ್ಪಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಪಟ್ಟಿಯಿಂದ ಕೈಬಿಡಬೇಕೆಂಬ ಷರತ್ತಿನೊಂದಿಗೆ. ಒಂದೇ ವರ್ಗದಲ್ಲಿದ್ದ ಮಾತ್ರಕ್ಕೆ ಸರಕು ಒಂದೇ ಆಗುವುದಿಲ್ಲ.

ನಮೂನೆಯಲ್ಲಿ ಅತ್ಯಂತ ಕಡೆಗಣಿಸಲ್ಪಡುವುದು 'ಬಳಕೆಯ ದಿನಾಂಕ' ಎಂಬ ಅಂಕಣ. ಅವಸರದ ಏಜೆಂಟರು 'ಮುಂದೆ ಬಳಸಲಿದ್ದೇವೆ' ಎಂದು ತುಂಬಿಬಿಡುತ್ತಾರೆ, ಏಕೆಂದರೆ ಆಗ ಅಫಿಡವಿಟ್ ಬೇಡ. ಹದಿನೈದು ವರ್ಷದ ಅಂಗಡಿಗೆ ಇದು ದೊಡ್ಡ ನಷ್ಟ. ಮೊದಲು ಬಳಸಿದವರ ಹಕ್ಕನ್ನು ಕಾಯ್ದೆಯ 34ನೇ ಕಲಂ ಕಾಪಾಡುತ್ತದೆ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ನೋಂದಣಿ ಮಾಡಿಸಿದವರಿಗಿಂತ ಮೊದಲಿನ ಬಳಕೆದಾರರ ಹಕ್ಕು ಮೇಲು ಎಂದು ಎತ್ತಿಹಿಡಿಯಿತು. ಹಳೆಯ ಬಿಲ್ ಪುಸ್ತಕ, ಜಾಹೀರಾತು, ಹೆಸರಿರುವ ಪೊಟ್ಟಣ, ಲೈಸೆನ್ಸ್ ಪ್ರತಿಗಳನ್ನು ವರ್ಷವಾರು ಜೋಡಿಸಿ ಅಫಿಡವಿಟ್ ಜೊತೆ ಕೊಡಿ. ದಿನಾಂಕವನ್ನು ಆಮೇಲೆ ಹಿಂದಕ್ಕೆ ತಿದ್ದಿಸುವುದು ಸುಲಭವಲ್ಲ.

ಕೈಯಲ್ಲಿ ಒಂದೇ ಅರ್ಜಿಯ ಹಣವಿದ್ದರೆ ಲೋಗೋ ಬಿಟ್ಟು ಪದವನ್ನೇ ನೋಂದಾಯಿಸಿ. ಲೋಗೋ ನಾಳೆ ಬದಲಾಗಬಹುದು, ಕರೆಯುವ ಹೆಸರು ಉಳಿಯುತ್ತದೆ. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಲಿಪ್ಯಂತರ, ಅನುವಾದ ಎರಡನ್ನೂ ಅರ್ಜಿಯಲ್ಲೇ ಕೊಡಬೇಕು. ಅರ್ಜಿಯ ಭಾಷೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡದಲ್ಲೇ ವ್ಯವಹರಿಸುವ ವ್ಯಾಪಾರಿ ಏಜೆಂಟರ ಮೊರೆ ಹೋಗುವಂತೆ ಮಾಡುವ ಈ ಕೊರತೆ ನಿಜಕ್ಕೂ ಬೇಸರದ್ದು.

ಪರಿಶೀಲನೆಯ ಹಂತದಲ್ಲಿ ಎರಡು ಬಗೆಯ ಆಕ್ಷೇಪಣೆ ಬರುತ್ತದೆ. 9ನೇ ಕಲಂ ವರ್ಣನೆಯ ಪದಗಳಿಗೆ: 'ಶುದ್ಧ', 'ಉಡುಪಿ', 'ಅಯ್ಯಂಗಾರ್ ಬೇಕರಿ'ಯಂಥ ಎಲ್ಲರೂ ಬಳಸುವ ಪದಗಳ ಮೇಲೆ ಒಬ್ಬರೇ ಹಕ್ಕು ಸಾಧಿಸುವುದು ಕಷ್ಟ. ಅವುಗಳ ಜೊತೆಗೆ ನಿಮ್ಮದೇ ಆದ ಒಂದು ಪದ ಬೇಕು. 11ನೇ ಕಲಂ ಈಗಾಗಲೇ ಇರುವ ಹೆಸರಿನ ಹೋಲಿಕೆಗೆ. ಪರಿಶೀಲನಾ ವರದಿ ಕೈಸೇರಿದ 30 ದಿನದೊಳಗೆ ಉತ್ತರಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ವರದಿ ಬರುವುದು ಅರ್ಜಿಯಲ್ಲಿರುವ ಇಮೇಲ್‌ಗೆ. ಅದು ಏಜೆಂಟರದ್ದಾಗಿದ್ದು ಅವರು ನೋಡದಿದ್ದರೆ ನಿಮಗೆ ಸುದ್ದಿಯೇ ಇರುವುದಿಲ್ಲ. ಅರ್ಜಿ ಸಂಖ್ಯೆ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಸ್ಥಿತಿಯನ್ನು ನೀವೇ ನೋಡಿ.

ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ವಿರೋಧದ ನೋಟಿಸ್ ತಲುಪಿದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಸಲ್ಲಿಸಲೇಬೇಕು, ತಪ್ಪಿದರೆ ಅರ್ಜಿ ಅಲ್ಲಿಗೆ ಮುಗಿಯಿತು. ವಕೀಲರಿಗೆ ಹಣ ಕೊಡುವುದು ಸಾರ್ಥಕವಾಗುವುದು ಈ ಹಂತದಲ್ಲಿ, ಮತ್ತು 11ನೇ ಕಲಮಿನ ಆಕ್ಷೇಪಣೆ ಬಂದಾಗ.

ಅರ್ಜಿ ಹಾಕಿದ ದಿನದಿಂದ 'ಟಿಎಂ' ಗುರುತು ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ನೋಂದಣಿಯಾದ ಮೇಲೆ ಮಾತ್ರ. ಅರ್ಜಿ ದಿನಾಂಕದಿಂದ ಲೆಕ್ಕ ಹಾಕಿ ನೋಂದಣಿ 10 ವರ್ಷ ಇರುತ್ತದೆ. ಟಿಎಂ-ಆರ್ ನಮೂನೆಯಲ್ಲಿ ಆನ್‌ಲೈನ್ ನವೀಕರಣಕ್ಕೆ ವರ್ಗವೊಂದಕ್ಕೆ 9,000 ರೂಪಾಯಿ. ಇಲ್ಲಿ ಸಣ್ಣ ವ್ಯಾಪಾರಿಗೆ ರಿಯಾಯಿತಿ ಇಲ್ಲ.