ದಾದರ್‌ನಿಂದ ಸ್ಕೈ ದ್ವೀಪಕ್ಕೆ: ಊಟಕ್ಕೆ ಕೊರತೆಯಿಲ್ಲ, ಸಮಯಕ್ಕೆ ಬರ

ದಾದರ್‌ನ ಪ್ರವಾಸ ಸಂಸ್ಥೆಯೊಂದರ ಸ್ಕಾಟ್ಲೆಂಡ್ ಪ್ಯಾಕೇಜಿನಲ್ಲಿ ಮಾಟುಂಗ, ಡೊಂಬಿವಲಿ ಕಡೆಯ ನಾವು ಕೆಲವು ಕನ್ನಡ ಕುಟುಂಬಗಳು ಈ ಬೇಸಿಗೆಯಲ್ಲಿ ಹೋಗಿಬಂದೆವು. ವೀಸಾ, ವಿಮಾನ, ಹೋಟೆಲ್ ಯಾವುದರಲ್ಲೂ ದೂರುವಂಥದ್ದಿಲ್ಲ. ಜೊತೆಗಿದ್ದ ಮರಾಠಿ ಮ್ಯಾನೇಜರ್ ನಮ್ಮ ಹಿರಿಯರಿಗೆಂದು ಇನ್ವರ್ನೆಸ್ ನಗರದಲ್ಲಿ ಕೇಳಿ ಮೊಸರನ್ನ ಮಾಡಿಸಿದ್ದನ್ನು ಮೆಚ್ಚಲೇಬೇಕು. ನನ್ನ ತಕರಾರು ಇರುವುದು ಸ್ಕೈ ದ್ವೀಪಕ್ಕೆ ಒಂದೇ ಹಗಲನ್ನು ಮೀಸಲಿಟ್ಟ ಬಗ್ಗೆ.

ಸ್ಕೈ ಸಣ್ಣ ದ್ವೀಪವಲ್ಲ. ಅದರ ವಿಸ್ತೀರ್ಣ 1,600 ಚದರ ಕಿಲೋಮೀಟರಿಗೂ ಹೆಚ್ಚು. ಇನ್ವರ್ನೆಸ್‌ನಿಂದ ಅಲ್ಲಿನ ಮುಖ್ಯ ಊರಾದ ಪೋರ್ಟ್ರೀಗೆ ಸುಮಾರು 180 ಕಿಲೋಮೀಟರ್ ದೂರವಿದ್ದು, ಲಾಕ್ ನೆಸ್ ಸರೋವರ, ಐಲಿನ್ ಡೊನನ್ ಕೋಟೆ ಎಂದು ನಿಲ್ಲಿಸುತ್ತಾ 1995ರಲ್ಲಿ ತೆರೆದ ಸೇತುವೆಯನ್ನು ದಾಟುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಓಲ್ಡ್ ಮ್ಯಾನ್ ಆಫ್ ಸ್ಟೋರ್ ಎಂಬ ಸುಮಾರು 50 ಮೀಟರ್ ಎತ್ತರದ ಕಲ್ಲುಗಂಬದ ಬುಡಕ್ಕೆ ಹತ್ತಲು ಮುಕ್ಕಾಲು ಗಂಟೆಯಾದರೂ ಬೇಕು. ನಮಗೆ ಹತ್ತಿ ಇಳಿಯಲು ಕೊಟ್ಟದ್ದೇ ನಲವತ್ತು ನಿಮಿಷ. ಅಡ್ಡಮಳೆಗೆ ಕೊಡೆಗಳು ಮಗುಚಿಕೊಳ್ಳುತ್ತಿದ್ದವು. ರೇಷ್ಮೆ ಸೀರೆಯ ಮೇಲೆ ವಿಂಡ್‌ಚೀಟರ್ ತೊಟ್ಟ ನಮ್ಮ ಅತ್ತೆಯವರು ಎಲ್ಲರಿಗಿಂತ ಮುಂದೆ ಹತ್ತುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರ್ ಸೀಟಿ ಊದಿದರು.

ಸಹ್ಯಾದ್ರಿಯ ಘಾಟಿಗಳನ್ನು ನೋಡುತ್ತ ಬೆಳೆದ ಮುಂಬಯಿಯವರಿಗೆ ಇಲ್ಲಿನ ಕಪ್ಪು ಬಂಡೆ ಅಪರಿಚಿತವಲ್ಲ, ಏಕೆಂದರೆ ಎರಡೂ ಕಡೆ ಇರುವುದು ಲಾವಾ ಹರಿದು ಗಟ್ಟಿಯಾದ ಬಸಾಲ್ಟ್. ಸ್ಕೈನಲ್ಲಿ ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಈ ಲಾವಾದ ಭಾರವನ್ನು ಕೆಳಗಿನ ಮೆತ್ತನೆಯ ಪದರಗಳು ತಾಳಲಾರದೆ ಕುಸಿದದ್ದರಿಂದಲೇ ದ್ವೀಪದ ಉತ್ತರದ ಚಾಚು ಟ್ರಾಟರ್ನಿಶ್‌ನ ಕಡಿದಾದ ಗೋಡೆಗಳು ಉಂಟಾದವು. ಅಲ್ಲಿನ ಕ್ವಿರೈಂಗ್ ಎಂಬ ಬೆಟ್ಟದ ಇಳಿಜಾರಿನಲ್ಲಿ ನೆಲ ಇಂದಿಗೂ ಜಾರುತ್ತಿದೆ. ಇದರಲ್ಲಿ ಒಂದು ಮಾತನ್ನೂ ಬಸ್ಸಿನಲ್ಲಿ ಯಾರೂ ಹೇಳಲಿಲ್ಲ. ಅಂತಾಕ್ಷರಿ ಮಾತ್ರ ಜೋರಾಗಿ ನಡೆದಿತ್ತು.

ಆ ಕ್ವಿರೈಂಗ್‌ನ ಚಿತ್ರವೇ ಸಂಸ್ಥೆಯ ಕರಪತ್ರದ ಮುಖಪುಟದಲ್ಲಿದೆ, ಆದರೆ ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಎದುರಿಗೆ ವಾಹನ ಬಂದರೆ ಪಕ್ಕದ ತಂಗುಜಾಗದಲ್ಲಿ ಸರಿದು ನಿಲ್ಲಬೇಕಾದ ಆ ಒಂಟಿ ರಸ್ತೆಯ ತಿರುವುಗಳು ದೊಡ್ಡ ಬಸ್ಸಿಗೆ ಹೇಳಿದ್ದಲ್ಲ ಎಂಬುದು ನಿಜ. ಹಾಗಿದ್ದಮೇಲೆ ಆ ಚಿತ್ರ ಅಚ್ಚು ಹಾಕಿಸಬಾರದಿತ್ತು. ಫೇರಿ ಪೂಲ್ಸ್ ಕೊಳಗಳೂ ತಪ್ಪಿದವು. 992 ಮೀಟರ್‌ವರೆಗೆ ಏರುವ ಕುಯಿಲಿನ್ ಬೆಟ್ಟಗಳನ್ನು ಸ್ಲಿಗಾಹನ್ ಸೇತುವೆಯ ಬಳಿ ನಿಂತು ಮೋಡದ ಸಂದಿಯಲ್ಲಿ ನೋಡಿದ್ದಷ್ಟೇ ಲಾಭ.

ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಈ ಪ್ಯಾಕೇಜ್ ಸಾಕು. ನಡೆಯಬಲ್ಲವರು ಇನ್ವರ್ನೆಸ್‌ನಲ್ಲಿ ಗುಂಪನ್ನು ಬಿಟ್ಟು, ಬಾಡಿಗೆ ಕಾರಿನಲ್ಲಿ ಹೋಗಿ ಪೋರ್ಟ್ರೀಯಲ್ಲಿ ಎರಡು ರಾತ್ರಿಯಾದರೂ ತಂಗುವುದು ಒಳ್ಳೆಯದು. ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ, ನಮ್ಮ ಲೈಸೆನ್ಸೂ ನಡೆಯುತ್ತದೆ. ಬೇಸಿಗೆಯಲ್ಲಿ ಕೋಣೆಗಳು ಬೇಗ ತುಂಬುವುದರಿಂದ ಟಿಕೆಟ್‌ಗೆ ಮೊದಲೇ ಅವನ್ನು ಕಾದಿರಿಸಬೇಕು. ಮಿಜ್ ಎಂಬ ಕಚ್ಚುವ ಸಣ್ಣ ನೊಣಗಳಿಗೆ ಮೈಗೆ ಹಚ್ಚುವ ಔಷಧಿಯೂ ಚೀಲದಲ್ಲಿರಲಿ.