ಶರದೃತುವಿನ ಆಕಾಶಕ್ಕೆ 50 ಎಂಎಂ ಲೆನ್ಸ್: ಚಿತ್ರದುರ್ಗದ ಹೊಲದಿಂದ ಒಂದು ವಿಮರ್ಶೆ

ದಸರೆ ಮುಗಿಯುತ್ತಿದ್ದಂತೆ ಆಕಾಶದ ಫೋಟೋ ತೆಗೆಯುವ ಬಹಳಷ್ಟು ಮಂದಿ ಕ್ಯಾಮೆರಾ ಕಟ್ಟಿಡುತ್ತಾರೆ. ಧನು ರಾಶಿಯ ಕಡೆಯ ಆಕಾಶಗಂಗೆಯ ದಟ್ಟ ಭಾಗ ಮುಸ್ಸಂಜೆಗೇ ನೈಋತ್ಯಕ್ಕೆ ವಾಲಿರುತ್ತದೆ, ಇನ್ನು ನೋಡಲು ಏನೂ ಇಲ್ಲ ಎಂಬ ಭಾವನೆ ಅವರದು. ನಾನಿದನ್ನು ಒಪ್ಪುವುದಿಲ್ಲ. ಎಫ್ 1.8 ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇರುವ 50 ಎಂಎಂ ಲೆನ್ಸನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮುಖಚಿತ್ರ ತೆಗೆಯಲೆಂದು ಜನ ಕೊಳ್ಳುವ ಈ ಅಗ್ಗದ ಲೆನ್ಸ್, ಆಶ್ವಯುಜ ಮತ್ತು ಕಾರ್ತಿಕ ಮಾಸದ ಆಕಾಶಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಹೊಂದುತ್ತದೆ.

ಎಪಿಎಸ್-ಸಿ ಎಂಬ, ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಇದು ಸುಮಾರು 27 ಡಿಗ್ರಿ ಅಗಲ, 18 ಡಿಗ್ರಿ ಎತ್ತರದ ಆಕಾಶವನ್ನು ಹಿಡಿಯುತ್ತದೆ. ಪೆಗಾಸಸ್ ನಕ್ಷತ್ರಪುಂಜದ ಚೌಕದ ಒಂದು ಬದಿ ಹೆಚ್ಚು ಕಡಿಮೆ 15 ಡಿಗ್ರಿ. ನಮ್ಮ ಪೂರ್ವಾಭಾದ್ರೆಯ ಎರಡು ನಕ್ಷತ್ರ, ಉತ್ತರಾಭಾದ್ರೆಯ ಎರಡು ನಕ್ಷತ್ರ ಸೇರಿದರೆ ಆಗುವುದೇ ಆ ಚೌಕ. ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಕೃತ್ತಿಕೆ, ರೋಹಿಣಿ ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಉತ್ತರದ ಕ್ಯಾಸಿಯೋಪಿಯಾ ನಕ್ಷತ್ರಪುಂಜದಿಂದ ಪಕ್ಕದ ಪರ್ಸಿಯಸ್ ಪುಂಜದ ಜೋಡಿ ನಕ್ಷತ್ರಗುಚ್ಛದವರೆಗೆ ಜಾಗ ಸಿಗುತ್ತದೆ. ಕ್ಯಾಮೆರಾ ಜೊತೆಗೆ ಬರುವ 18-55 ಎಂಎಂ ಜೂಮ್ ಲೆನ್ಸಿನಲ್ಲಿ ಇದೇ ದೃಶ್ಯಕ್ಕೆ ಎಫ್ 5.6 ಬಳಸಬೇಕು. ಈ ಲೆನ್ಸನ್ನು ಎಫ್ 2.8ಕ್ಕೆ ಇಳಿಸಿದರೂ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ.

ಎಫ್ 2.8ಕ್ಕೆ ಇಳಿಸಲೇಬೇಕು, ಅದನ್ನೂ ಹೇಳಿಬಿಡುತ್ತೇನೆ. ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತದೆ, ಪ್ರಖರ ನಕ್ಷತ್ರಗಳ ಸುತ್ತ ನೇರಳೆ ಬಣ್ಣ ಹರಡುತ್ತದೆ.

ಇದರ ನಿಜವಾದ ತೊಂದರೆ ಫೋಕಸ್ ಉಂಗುರ. ಅದು ಕಿರಿದು, ಸಡಿಲ, ಕೈ ತಾಗಿದರೆ ಜಾರುತ್ತದೆ. ನಾನು ಬ್ರಹ್ಮಹೃದಯ (ಕ್ಯಾಪೆಲ್ಲಾ) ಎಂಬ ಪ್ರಖರ ನಕ್ಷತ್ರವನ್ನು ಕ್ಯಾಮೆರಾ ಪರದೆಯ ನಡುವೆ ತಂದು ಹತ್ತು ಪಟ್ಟು ಹಿಗ್ಗಿಸುತ್ತೇನೆ. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಹರಡಿಕೊಂಡಿದ್ದ ಬೆಳಕು ಚುಕ್ಕೆಗೆ ಇಳಿಯುತ್ತದೆ, ಸುತ್ತಲಿನ ಮಂಕು ನಕ್ಷತ್ರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇನ್ನೂ ತಿರುಗಿಸಿದರೆ ಅವು ಮಾಯ. ಅವು ಅತಿ ಹೆಚ್ಚು ಕಂಡ ಜಾಗದಲ್ಲಿ ಉಂಗುರಕ್ಕೆ ಟೇಪು ಸುತ್ತುತ್ತೇನೆ. ರಾತ್ರಿ ತಣ್ಣಗಾದಂತೆ ಫೋಕಸ್ ಸರಿಯುವುದರಿಂದ ನಡುನಡುವೆ ಮತ್ತೆ ನೋಡಿಕೊಳ್ಳಬೇಕು.

ನವೆಂಬರ್ ನಡುವಿನಲ್ಲಿ ಒಂಬತ್ತು ಗಂಟೆಯ ಆಸುಪಾಸಿಗೆ ಆಂಡ್ರೊಮಿಡಾ ಗೆಲಾಕ್ಸಿ ಉತ್ತರಕ್ಕೆ ಬಹಳ ಎತ್ತರದಲ್ಲಿರುತ್ತದೆ. ಕತ್ತಲಿಗೆ ಒಗ್ಗಿದ ಬರಿಗಣ್ಣಿಗೆ ಅದು ಮಸುಕು ಕಲೆ. ಬರಿಯ ಟ್ರೈಪಾಡ್ ಮೇಲೆ ನಾಲ್ಕೈದು ಸೆಕೆಂಡಿನ ನೂರಾರು ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ಒಟ್ಟುಗೂಡಿಸಿದರೆ ಗೆಲಾಕ್ಸಿಯ ಓರೆ ತಟ್ಟೆ, ಅದರ ಮಗ್ಗುಲಲ್ಲೇ ಎಂ32 ಎಂಬ ಪುಟ್ಟ ಗೆಲಾಕ್ಸಿ ಎದ್ದು ಬರುತ್ತವೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಬೆಳಕು ಮನೆಯ ಕಂಪ್ಯೂಟರಿನಲ್ಲಿ ಮೂಡುವುದನ್ನು ಎಷ್ಟು ಸಲ ಕಂಡರೂ ನನಗೆ ಸಾಕಾಗಿಲ್ಲ. ಕ್ಯಾಸಿಯೋಪಿಯಾ ಧ್ರುವಕ್ಕೆ ಹತ್ತಿರವಿರುವುದರಿಂದ ಅಲ್ಲಿ ನಕ್ಷತ್ರಗಳು ನಿಧಾನವಾಗಿ ಸರಿಯುತ್ತವೆ. ಎಂಟು ಸೆಕೆಂಡ್ ತೆರೆದರೂ ಗೆರೆಯಾಗುವುದಿಲ್ಲ.

ಜಾಗದ ಮಾತು. ಚಿತ್ರದುರ್ಗದ ಕೋಟೆಯೊಳಗೆ ರಾತ್ರಿ ಪ್ರವೇಶವಿಲ್ಲ. ನಾನು ಹೋಗುವುದು ಚಳ್ಳಕೆರೆ ರಸ್ತೆಯಾಚೆ ದೊಡ್ಡಪ್ಪನ ಶೇಂಗಾ ಹೊಲಕ್ಕೆ. ಅಲ್ಲಿ ಊರಿನ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ, ಉತ್ತರ ಮತ್ತು ಪೂರ್ವ ದಿಕ್ಕು ಕತ್ತಲು. ನೈಋತ್ಯಕ್ಕೆ ತಿರುಗಿಸಿದರೆ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪಗಳು ಅಡ್ಡ ಬರುತ್ತವೆ. ಸ್ವಾತಿ, ವಿಶಾಖ ಮಳೆಯ ದಿನಗಳಲ್ಲಿ ಮೋಡದ ಕಾಟ ಇದ್ದೇ ಇದೆ. “ಮೂಡಣಕ್ಕೆ ಮೋಡ ಕಟ್ಟುತ್ತಿದೆ, ಬೇಗ ಮುಗಿಸಿಕೊಳ್ಳಪ್ಪ” ಎಂದು ದೊಡ್ಡಪ್ಪ ಟಾರ್ಚ್ ಆರಿಸಿಕೊಂಡೇ ಬಂದು ಹೇಳುತ್ತಾರೆ. ಆದರೆ ಮಳೆ ಬಿಡುವು ಕೊಟ್ಟ ರಾತ್ರಿಗಳಲ್ಲಿ ಧೂಳು ತೊಳೆದುಹೋಗಿ ಆಕಾಶ ತಿಳಿಯಾಗಿರುತ್ತದೆ. ಅಂಥ ರಾತ್ರಿಗಳಲ್ಲೇ ಇಬ್ಬನಿಯೂ ಹೆಚ್ಚು. ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿಯನ್ನು ಲೆನ್ಸಿನ ಸುತ್ತ ಕಟ್ಟಿದರೆ ಮುಂದಿನ ಗಾಜು ಮಸುಕಾಗುವುದಿಲ್ಲ. ಈ ಖರ್ಚನ್ನು ಲೆನ್ಸಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಉಲ್ಕೆಗಳಿಗೆ ಮಾತ್ರ ಇದನ್ನು ನೆಚ್ಚಬೇಡಿ. ಅಕ್ಟೋಬರ್ 21ರ ಆಸುಪಾಸಿನ ಓರಿಯಾನಿಡ್ಸ್, ಡಿಸೆಂಬರ್ 14ರ ಆಸುಪಾಸಿನ ಜೆಮಿನಿಡ್ಸ್ ಉಲ್ಕಾವೃಷ್ಟಿಗಳೆರಡಕ್ಕೂ 18 ಎಂಎಂನಂಥ ಅಗಲ ನೋಟವೇ ಬೇಕು.

ಹಳೆಯ ಲೆನ್ಸ್ ಕೊಳ್ಳುವವರು ಎರಡು ಪರೀಕ್ಷೆ ಮಾಡಿ. ಹಿಂಬದಿಯಿಂದ ಟಾರ್ಚ್ ಬಿಟ್ಟು ಒಳಗಿನ ಗಾಜಿನಲ್ಲಿ ಬೂಷ್ಟಿನ ಎಳೆಗಳಿವೆಯೇ ನೋಡಿ. ಆಮೇಲೆ ಎಫ್ 2.8ರಲ್ಲಿ ನಕ್ಷತ್ರಗಳ ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ಹೋಲಿಸಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಮಸೂರ ಓರೆಯಾಗಿದೆ ಎಂದರ್ಥ. ಎಷ್ಟೇ ಕಡಿಮೆಗೆ ಕೊಟ್ಟರೂ ಅದನ್ನು ಕೊಳ್ಳಬೇಡಿ.